ಮಂಗಳ ಆಗುವವರೆಗೆ ಯಾರೂ ಏಳಬಾರದು

ಯೋಜನೆ ಹಾಕಿ ಮಾಡಿದ ಕೆಲಸ ಕೆಡುವುದಿಲ್ಲ ಎಂದು ಆ ಬುಧವಾರ ಬೆಳಿಗ್ಗೆ ಹತ್ತೂವರೆಯವರೆಗೂ ನಾನು ನಂಬಿದ್ದೆ. ದಿನಚರಿ ಬರೆಯುವವಳು ನಾನು. ಹಾಲು ಎಷ್ಟು ಬಂತು, ಕರೆಂಟು ಎಷ್ಟು ಸಲ ಹೋಯಿತು, ಎಲ್ಲಕ್ಕೂ ನನ್ನಲ್ಲಿ ಲೆಕ್ಕವಿದೆ. ಇಂಥವಳಿಗೆ ಅರ್ಧ ಗಂಟೆಯ ಕಾರ್ಯಕ್ರಮ ಒಂದು ದೊಡ್ಡದೇ!

ನನ್ನ ಚಿಕ್ಕಪ್ಪ ವೀರಭದ್ರಪ್ಪ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದವರು. ಹೋದ ವರ್ಷ ಲಕ್ವ ಹೊಡೆದು ಬಲಗೈ ಸೋತಿತು, ಮಾತು ನಿಂತಿತು. ಎಲ್ಲವೂ ಅರ್ಥವಾಗುತ್ತದೆ, ಹೇಳಲು ಹೋದರೆ ಬಾಯಿಗೆ ಬರುವುದಿಲ್ಲ. ಆದರೆ ಹಾಡು ಉಳಿದಿತ್ತು. ಅದು ಮೂವತ್ತು ವರ್ಷ ಭಜನೆ ಹಾಡಿದ ಗಂಟಲು.

ಅಷ್ಟರಲ್ಲಿ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅಂಗವಿಕಲರಿಗೆ ಸಂಗೀತ ಮತ್ತು ಚಿತ್ರಕಲೆಯ ಚಿಕಿತ್ಸೆ ಶುರುವಾಯಿತು. ಖರ್ಚೆಲ್ಲ ಸರ್ಕಾರದ್ದು. ಬುಧವಾರ ಸಂಗೀತ, ಗುರುವಾರ ಚಿತ್ರ. ಸಂಗೀತಕ್ಕೆ ಅನಂತಪುರದಿಂದ ಶಿರೀಷಾ ಮೇಡಂ ಬಸ್ಸಿನಲ್ಲಿ ಬರುತ್ತಿದ್ದರು. ಚಿಕ್ಕಪ್ಪನ ಎಡಗೈ ಮೆಲ್ಲಗೆ ತಟ್ಟುತ್ತ, ದಿನದ ಮಾತುಗಳನ್ನೇ ರಾಗದಲ್ಲಿ ಹೇಳಿಸುವುದು ಅವರ ಕ್ರಮ. ಐದು ತಿಂಗಳಲ್ಲಿ ಮೂರು ಮಾತು ಬಂದವು: ‘ನೀರು ಕೊಡು’, ‘ಸಾಕು’, ‘ಮನೀಗೆ ಹೋಗಾಣ’. ಮೊದಲ ಸಲ ‘ನೀರು ಕೊಡು’ ಎಂದು ಹಾಡಿದ ದಿನ ಚಿಕ್ಕಮ್ಮ ನೀರು ಕೊಡುವುದನ್ನೇ ಮರೆತು ಅಳುತ್ತ ನಿಂತಿದ್ದಳು.

ಹೀಗಿರುವಾಗ ಶಿರೀಷಾ ಮೇಡಂ ಒಂದು ಸುದ್ದಿ ತಂದರು. ಮುಂದಿನ ಬುಧವಾರ ಜಿಲ್ಲೆಯಿಂದ ಅಧಿಕಾರಿ ಬಂದು ಅರ್ಧ ಗಂಟೆ ನೋಡುತ್ತಾರೆ. ಚಿಕಿತ್ಸೆಯಿಂದ ಉಪಯೋಗವಿದೆ ಎನಿಸಿದರೆ ಮುಂದುವರಿಸುತ್ತಾರೆ, ಇಲ್ಲವಾದರೆ ಕೋಣೆಗೆ ಬೀಗ. ಆಮೇಲೆ ಬೇಕಾದವರು ಅನಂತಪುರಕ್ಕೇ ಹೋಗಬೇಕು. ಚಿಕ್ಕಪ್ಪನನ್ನು ಬಸ್ಸು ಹತ್ತಿಸುವುದಕ್ಕೇ ಮೂವರು ಬೇಕು. ಬೀಗ ಬಿತ್ತೆಂದರೆ ಮೂರು ಮಾತು ಮೂರಕ್ಕೇ ನಿಲ್ಲುತ್ತವೆ.

“ನಿಮ್ಮ ಚಿಕ್ಕಪ್ಪ ಹೊಸಬರ ಮುಂದೆ ಬಾಯಿ ಬಿಡಲ್ಲ ಕದಾ? ನಂಗೆ ಅದೇ ಭಯ ಅಂಡಿ” ಎಂದರು ಶಿರೀಷಾ ಮೇಡಂ. ಅವರ ಕನ್ನಡದ ತುದಿಯಲ್ಲಿ ತೆಲುಗು ಇದ್ದೇ ಇರುತ್ತದೆ.

“ನನಗೆ ಬಿಡ್ರಿ ಮೇಡಂ!” ಎಂದೆ. ಅವರು ಬಿಟ್ಟರು. ಅದು ಅವರು ಮಾಡಿದ ಏಕೈಕ ತಪ್ಪು. ಉಳಿದವೆಲ್ಲ ನನ್ನವು.

ಪರಿಚಿತ ಮುಖ ಒಂದಿದ್ದರೆ ಚಿಕ್ಕಪ್ಪನಿಗೆ ಧೈರ್ಯ ಬರುತ್ತದೆಂದು ಲೆಕ್ಕ ಹಾಕಿ, ಅವರ ಭಜನೆ ತಂಡದ ತಿಪ್ಪೇಸ್ವಾಮಿ ಮಾಮನ ಕಿರಾಣಿ ಅಂಗಡಿಗೆ ಹೋದೆ.

“ಮಾಮಾ, ಬುಧವಾರ ಹಾರ್ಮೋನಿಯಂ ತಗೊಂಡು ಆಸ್ಪತ್ರಿಗೆ ಬರ್ರಿ. ಒಂದೇ ಹಾಡು.”

“ವೀರಭದ್ರಣ್ಣನ ಸಲುವಾಗಿ ಬರದ ಇರ್ತೀನೇನವ್ವ? ಬಂದಂಗ ತಿಳ್ಕೋ” ಎಂದರು ಮಾಮ.

ಒಬ್ಬರೇ ಬರುತ್ತೇನೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬುಧವಾರ ಹತ್ತೂವರೆಗೆ ಆಸ್ಪತ್ರೆಯ ಮುಂದೆ ಎರಡು ಆಟೋ ನಿಂತವು. ಇಳಿದವರು ಒಂಬತ್ತು ಜನ. ಹಾರ್ಮೋನಿಯಂ, ಡೋಲಕ್, ನಾಲ್ಕು ಜೊತೆ ತಾಳ, ದೇವರ ಪಟ, ಹೂವಿನ ಹಾರ, ತೆಂಗಿನಕಾಯಿ, ಕರ್ಪೂರ!

“ಮಾಮಾ, ಇದೇನ್ರಿ ಇದು?”

“ಪಟ ಇಲ್ದ ಭಜನಿ ಮಾಡ್ತಾರೇನವ್ವ? ಓದಿದಾಕಿ ನೀನು, ಅಷ್ಟೂ ತಿಳಿಯಂಗಿಲ್ಲ?”

ನಾನು ತಡೆಯುವಷ್ಟರಲ್ಲಿ ವ್ಯಾಯಾಮ ಮಾಡಿಸುವ ಮಂಚ ಮಂಟಪವಾಯಿತು. ಶಿರೀಷಾ ಮೇಡಂ ಅವರ ಕೀಬೋರ್ಡು ಮೂಲೆ ಸೇರಿತು. ಚಿಕ್ಕಮ್ಮನಾದರೂ ನನ್ನ ಪರ ನಿಲ್ಲುತ್ತಾಳೆಂದು ತಿರುಗಿ ನೋಡಿದರೆ, ಅವಳು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು.

ಹನ್ನೊಂದಕ್ಕೆ ಸರಿಯಾಗಿ ಅಧಿಕಾರಿ ಮೇಡಂ ಬಂದರು. ಅವರು ಹೊಸ್ತಿಲಲ್ಲಿ ಕಾಲಿಡುವುದಕ್ಕೂ ಮಾಮ ಅಲ್ಲಿಯೇ ಕಾಯಿ ಒಡೆಯುವುದಕ್ಕೂ ಸರಿಹೋಯಿತು. ಕಾಯಿಯ ನೀರು ಅವರ ಸೀರೆಯ ನೆರಿಗೆಗೆ ಸಿಡಿಯಿತು.

“ಒಳ್ಳೇ ಶಕುನ ರೀ!” ಎಂದರು ಮಾಮ.

ಅಧಿಕಾರಿ ಮೇಡಂ ಕರವಸ್ತ್ರದಿಂದ ಶಕುನವನ್ನು ಒರೆಸಿಕೊಂಡು ಕುರ್ಚಿಯಲ್ಲಿ ಕುಳಿತರು. “ನನಗೆ ಅರ್ಧ ಗಂಟೆ ಮಾತ್ರ ಇದೆ, ಕಲ್ಯಾಣದುರ್ಗಕ್ಕೆ ಹೋಗಬೇಕು” ಎಂದು ತೆಲುಗಿನಲ್ಲಿ ಹೇಳಿದರು.

ಭಜನೆ ಶುರುವಾಯಿತು. ಮೊದಲು ಹಾಡಿದವರು ತಂಡದ ಕಿರಿಯ ಮಂಜಣ್ಣ. ಒಂದೊಂದು ಸಾಲನ್ನೂ ಅವರು ಎರಡು ಸಲ ಹಾಡಬೇಕು, ಉಳಿದವರು ಎರಡು ಸಲ ಹಿಂದೆ ಹಾಡಬೇಕು. ಹಾಡು ಮುಗಿಯುವಾಗ ಏಳು ನಿಮಿಷ ಕಳೆದಿತ್ತು. ಎರಡನೆಯವರು ಗಂಟಲು ಸರಿಮಾಡಿಕೊಂಡಾಗ ನಾನು ಕುಳಿತವರ ತಲೆ ಎಣಿಸತೊಡಗಿದೆ.

ನಮ್ಮ ಕಡೆ ಭಜನೆಯಲ್ಲಿ ಕಿರಿಯರು ಮೊದಲು ಹಾಡುತ್ತಾರೆ, ಹಿರಿಯರದು ಕೊನೆಯ ಹಾಡು. ಆಮೇಲೆ ಮಂಗಳ. ಹುಟ್ಟಿದಾಗಿನಿಂದ ನೋಡಿದ್ದೇನೆ. ಯೋಜನೆ ಹಾಕುವಾಗ ಮಾತ್ರ ನೆನಪಾಗಲಿಲ್ಲ. ಆ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯ ಹಾಡುಗಾರ ಚಿಕ್ಕಪ್ಪ! ಅವರ ಮುಂದೆ ಒಂಬತ್ತು ಜನ, ತಲೆಗೆ ಏಳು ನಿಮಿಷ. ಒಟ್ಟು ಅರವತ್ತಮೂರು. ಲೆಕ್ಕದಲ್ಲಿ ನಾನು ತಪ್ಪುವುದಿಲ್ಲ. ಅಂದು ತಪ್ಪಿದ್ದರೆ ಚೆನ್ನಾಗಿತ್ತು.

ತೆವಳಿಕೊಂಡು ಮಾಮನ ಬಳಿ ಹೋದೆ. “ಮಾಮಾ, ಚಿಕ್ಕಪ್ಪನ ಹಾಡು ಈಗ್ಲೇ ತಗೋರಿ!”

“ಹುಚ್ಚಿ ಇದ್ದೀ ಏನು? ಆತ ನಮಗ ಗುರು. ಹರಕು ಮುರುಕು ಹಾಡೋ ನಾವು ಮೊದಲು ಹಾಡಿ ಮುಗಿಸ್ಬೇಕು. ಆತನ್ನ ಮೊದಲು ಕೂಗಿದ್ರ ಆತಗ ಅವಮಾನ.”

ಚಿಕ್ಕಪ್ಪನ ಮುಖ ನೋಡಿದೆ. ಎಷ್ಟೋ ತಿಂಗಳ ಮೇಲೆ ಆ ಮುಖಕ್ಕೆ ಕಳೆ ಬಂದಿತ್ತು. ಶಿರೀಷಾ ಮೇಡಂ ಪಕ್ಕದಲ್ಲಿ ಕುಳಿತು ಅವರ ಕೈ ತಟ್ಟುತ್ತ, “ಏನು ಬೇಕು?” ಎಂದು ರಾಗದಲ್ಲಿ ಕೇಳಿದರು. ಚಿಕ್ಕಪ್ಪ ಎಡಗೈ ಬೆರಳನ್ನು ತುಟಿಯ ಮೇಲಿಟ್ಟರು. ಇನ್ನೊಬ್ಬರು ಹಾಡುವಾಗ ಮಾತಾಡಬಾರದು!

ಹನ್ನೊಂದೂ ಇಪ್ಪತ್ತೈದು. ಅಧಿಕಾರಿ ಮೇಡಂ ಎದ್ದರು.

“ಕೂಡ್ರಿ ಮೇಡಂ” ಎಂದು ಚಿಕ್ಕಮ್ಮ ಅವರ ಕೈ ಹಿಡಿದಳು. “ಮಂಗಳ ಆಗೋತನಕ ಯಾರೂ ಏಳಬಾರದು. ಮನೀಗೆ ಒಳ್ಳೇದಲ್ಲ.”

ಅಧಿಕಾರಿ ಮೇಡಂ ಕುಳಿತರು. ಅವರಿಗೂ ಮನೆ ಇರುತ್ತದಲ್ಲ. ಆದರೆ ಹೊರಗೆ ಜೀಪಿನ ಹಾರನ್ ಕೇಳಿಸಿತು. ಅವರು ಶಿರೀಷಾ ಮೇಡಂ ಕಡೆ ತಿರುಗಿ, “ಇದು ಚಿಕಿತ್ಸೆಯೋ ಭಜನೆಯೋ?” ಎಂದು ಕೇಳಿದರು. ಶಿರೀಷಾ ಮೇಡಂ ನನ್ನನ್ನು ನೋಡಿದರು. ಆ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಹಾರನ್ ಎರಡನೇ ಸಲ ಕೂಗಿತು. ಅಧಿಕಾರಿ ಮೇಡಂ ಚಿಕ್ಕಮ್ಮನ ಕೈ ಬಿಡಿಸಿಕೊಂಡು ಮತ್ತೆ ಎದ್ದು, ಪೆನ್ನು ತೆರೆದರು. ಏನು ಬರೆಯುತ್ತಾರೆಂದು ಊಹಿಸಲು ಬುದ್ಧಿವಂತಿಕೆ ಬೇಕಿರಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಮಂಗಳವನ್ನು ಎಲ್ಲರೂ ಸೇರಿ ಹಾಡಬೇಕು. ಈಗಲೇ ಮಂಗಳ ಶುರುವಾದರೆ ಚಿಕ್ಕಪ್ಪನೂ ಬಾಯಿ ತೆರೆಯಲೇಬೇಕು! ಮಂಜಣ್ಣನ ಕೈಯಿಂದ ತಾಳ ಕಿತ್ತುಕೊಂಡು, ಕಣ್ಣು ಮುಚ್ಚಿ, ಮಂಗಳ ಎತ್ತಿಕೊಂಡೆ.

ನಾನು ಜನ್ಮದಲ್ಲಿ ಹಾಡಿದವಳಲ್ಲ. ಸ್ವರ ಡಿ. ಹಿರೇಹಾಳ್ ಕಡೆ ಹೊರಟರೆ ತಾಳ ಬೆಳುಗುಪ್ಪದ ಕಡೆ ಹೊರಟಿತು. ಡೋಲಕ್ ನಿಂತಿತು. ಹಾರ್ಮೋನಿಯಂ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಇಡೀ ಕೋಣೆಯಲ್ಲಿ ನಾನೊಬ್ಬಳೇ. ನಿಲ್ಲಿಸಲೂ ಧೈರ್ಯವಿಲ್ಲದೆ ಹಾಡುತ್ತಲೇ ಇದ್ದೆ.

ಆಗ ಚಿಕ್ಕಪ್ಪ ಎಡಗೈಯಿಂದ ತೊಡೆ ತಟ್ಟಿದರು. ಒಮ್ಮೆ, ಇನ್ನೊಮ್ಮೆ. ಕುತ್ತಿಗೆಯ ನರ ಉಬ್ಬಿತು. ಅದೇ ಮಂಗಳದ ರಾಗದಲ್ಲಿ, ಒಂದೊಂದೇ ಅಕ್ಷರ ಎತ್ತಿ ಇಟ್ಟಂತೆ, ಹಾಡಿದರು:

“ತಾಳ… ತಪ್ಪಿತವ್ವಾ… ಕೆಳಗ… ಇಡೂ!”

ಈ ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲು ಚೇತರಿಸಿಕೊಂಡವಳು ಚಿಕ್ಕಮ್ಮ. “ಸುಮಾ, ನಿಲ್ಲಿಸಬ್ಯಾಡ! ಇನ್ನೂ ಕೆಟ್ಟದಾಗಿ ಹಾಡು!”

ನನ್ನ ಬದುಕಿನಲ್ಲಿ ಸಂಗೀತಕ್ಕೆ ಸಿಕ್ಕ ಮೊದಲ ಪ್ರೋತ್ಸಾಹ ಅದು. ಮತ್ತೆ ಹಾಡಿದೆ. ಶಿರೀಷಾ ಮೇಡಂ ಓಡಿಬಂದು ಚಿಕ್ಕಪ್ಪನ ಕೈ ತಟ್ಟತೊಡಗಿದರು. ಚಿಕ್ಕಪ್ಪ ಎರಡು ಸಲ ತಡವರಿಸಿದರು, ಮೂರನೇ ಸಲಕ್ಕೆ ಬಂತು: “ಯಾರು… ಕಲಿಸಿದರೋ… ನಿನಗಾ!”

ತಿಪ್ಪೇಸ್ವಾಮಿ ಮಾಮ ಕಣ್ಣೊರೆಸಿಕೊಂಡು, “ನಾವಲ್ಲಪ್ಪಾ ಗುರುವೇ!” ಎಂದರು. ಅಧಿಕಾರಿ ಮೇಡಂ ನಕ್ಕುಬಿಟ್ಟರು. ಪೆನ್ನಿನ ಮುಚ್ಚಳ ಹಾಕಿ ತಾವಾಗಿಯೇ ಕುಳಿತರು. ಜೀಪು ಮತ್ತೆ ಕೂಗಿತು. “ಮಂಗಳ ಆಗಲಿ, ಆಮೇಲೆ ಬರ್ತೀನಿ ಅಂತ ಹೇಳಿ” ಎಂದರು.

ಚಿಕಿತ್ಸೆ ಇನ್ನೊಂದು ವರ್ಷಕ್ಕೆ ಮಂಜೂರಾಯಿತು. ಅದರ ಜೊತೆಗೆ ನನಗೂ ಒಂದು ಹುದ್ದೆ ಸಿಕ್ಕಿತು, ಸಂಬಳವಿಲ್ಲದ್ದು. ಪ್ರತಿ ಬುಧವಾರ ಹೋಗಿ ಚಿಕ್ಕಪ್ಪನ ಮುಂದೆ ಕುಳಿತು ಹಾಡುವುದು. ಅವರು ರಾಗವಾಗಿ ಬೈಯುತ್ತಾರೆ. ವಾರಕ್ಕೊಂದು ಹೊಸ ಮಾತಾದರೂ ಬರುತ್ತದೆ. ಒಮ್ಮೆ ‘ಕತ್ತಿ’ ಎಂದೂ ಬಂತು. ನಾಲ್ಕು ಕಾಲಿನದು.

ನನಗೂ ಮಾನ ಮರ್ಯಾದೆ ಇದೆಯಲ್ಲ! ಹೋದ ವಾರ ಮಾಮನ ಅಂಗಡಿಗೆ ದಿನವೂ ಸಂಜೆ ಹೋಗಿ ಗುಟ್ಟಾಗಿ ಅಭ್ಯಾಸ ಮಾಡಿದೆ. ಬುಧವಾರ ಒಂದೂ ತಪ್ಪಿಲ್ಲದೆ ಮಂಗಳ ಹಾಡಿದೆ. ಚಿಕ್ಕಪ್ಪ ತಲೆದೂಗಿದರು. ಆಮೇಲೆ ಗಂಟೆಯಿಡೀ ಅವರ ಬಾಯಿಂದ ಒಂದು ಮಾತೂ ಇಲ್ಲ.

ಶಿರೀಷಾ ಮೇಡಂ ನನ್ನನ್ನು ಹೊರಗೆ ಕರೆದರು. “ಪ್ರಾಕ್ಟೀಸ್ ಮಾಡಿದ್ರಾ?”

“ಸ್ವಲ್ಪ, ಮೇಡಂ.”

“ಯಾರು ಮಾಡೋಕೆ ಹೇಳಿದ್ರು ಅಂಡಿ? ನಿಮ್ಮ ಹತ್ರ ಇದ್ದಿದ್ದೇ ಒಂದು ಪ್ರತಿಭೆ, ಅದನ್ನೂ ಹಾಳು ಮಾಡ್ಕೋತೀರಾ?”

ಅಂದಿನಿಂದ ಅಭ್ಯಾಸ ನಿಲ್ಲಿಸಿದ್ದೇನೆ. ಎರಡೇ ದಿನದಲ್ಲಿ ನನ್ನ ತಾಳ ಎಂದಿನಂತೆ ತಪ್ಪತೊಡಗಿತು.