ಕೊಸರಿಗೆ ಬಂದ ಡಿಸ್ಕು

ಬೆಲೆ ಇಳಿಸುವುದು ಯಾರಿಗಾದರೂ ಬರುತ್ತದೆ. ವ್ಯವಹಾರ ಕುದುರಿ, ಕೈ ಕುಲುಕಿ, ಮಾರಿದವನು ಸದ್ಯ ಮುಗಿಯಿತಲ್ಲ ಎಂದು ನೀರಿನ ಚೊಂಬಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ "ಅದಿರಲಿ, ಕೊಸರು ಏನು ಕೊಡ್ತೀರಿ?" ಎಂದು ಕೇಳುವುದಿದೆಯಲ್ಲ, ಅದು ಎಲ್ಲರಿಗೂ ಬರುವುದಿಲ್ಲ. ಸೊಪ್ಪಿನವಳು ಕಟ್ಟಿನ ಮೇಲೆ ಹಾಕುವ ನಾಲ್ಕು ಕಡ್ಡಿ ಕೊತ್ತಂಬರಿಯನ್ನೇ ಜನ ಕೊಸರು ಎಂದುಕೊಂಡಿದ್ದಾರೆ. ನಾನು ಹುಣಸೂರಿನಲ್ಲಿ ಹಳೆಯ ಟ್ರ್ಯಾಕ್ಟರ್ ಕೊಂಡು ಮಾರುವವನು. ನನ್ನ ಕೊಸರಿನ ಅಳತೆಯೇ ಬೇರೆ. ಪಿರಿಯಾಪಟ್ಟಣದಲ್ಲಿ ಒಂದು ಟ್ರೇಲರ್ ಕೊಂಡಾಗ ಅದಕ್ಕೆ ಹೊದಿಸಿದ್ದ ಟಾರ್ಪಾಲು, ಟಾರ್ಪಾಲಿಗೆ ಕಟ್ಟಿದ್ದ ಹಗ್ಗ, ಹಗ್ಗದ ಪಕ್ಕದಲ್ಲಿ ಮಲಗಿದ್ದ ನಾಯಿಮರಿ ಮೂರನ್ನೂ ಕೊಸರಾಗಿ ತಂದವನು ನಾನು. ಬೈಲಕುಪ್ಪೆಯಲ್ಲಿ ಸ್ವೆಟರ್ ಕೊಂಡಾಗ ಅಂಗಡಿಯ ಹೆಂಗಸು ಎಷ್ಟು ಕೇಳಿದರೂ ನಗುತ್ತಾ ತಲೆಯಾಡಿಸುತ್ತಿದ್ದಳು. ಕೊನೆಗೆ ಒಂಟಿ ಕಾಲುಚೀಲ ಕೊಟ್ಟು ಕಳಿಸಿದಳು. ಜೊತೆಯದು ಎಲ್ಲೋ ಕಳೆದುಹೋಗಿತ್ತಂತೆ. ಇವತ್ತಿಗೂ ನನ್ನ ಸ್ಕೂಟರಿನ ಕನ್ನಡಿ ಒರೆಸುವುದು ಅದರಲ್ಲಿಯೇ. ಓದುಗರಿಗೆ ನನ್ನ ಮೊದಲ ಸಲಹೆ ಇದು: ಕೊಸರು ಎಂದೂ ವ್ಯರ್ಥವಾಗುವುದಿಲ್ಲ.

ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡದ್ದೂ ಇದೇ ನಿಯಮದ ಮೇಲೆ. ಮಾರಲಿಕ್ಕಿರುವ ಟ್ರ್ಯಾಕ್ಟರುಗಳ ಫೋಟೋ ಹಾಕಲು ಒಂದು ಬೇಕಿತ್ತು. ಬೆಲೆಯ ಮಾತೆಲ್ಲ ಮುಗಿದು, ಅಂಗಡಿಯವನು ಡಬ್ಬಕ್ಕೆ ಟೇಪು ಸುತ್ತುವಾಗ ನನ್ನ ಪ್ರಶ್ನೆ ಕೇಳಿದೆ. ಅವನು ಮೊದಲು ಮೌಸಿನ ಕೆಳಗೆ ಹಾಸುವ ರಬ್ಬರ್ ತುಂಡು ಕೊಟ್ಟ. ನಾನು ಕುರ್ಚಿಯಿಂದ ಏಳಲಿಲ್ಲ. ಮೈಕು ಇರುವ ಒಂದು ಹೆಡ್‌ಫೋನ್ ಕೊಟ್ಟ. ನಾನು ಇನ್ನೊಂದು ಟೀ ತರಿಸಲು ಹೇಳಿದೆ. ಆಗ ಮೇಜಿನ ಕೆಳಗೆ ಕೈ ಹಾಕಿ, ಧೂಳು ಹಿಡಿದಿದ್ದ ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಕಂಪ್ಯೂಟರಿನ ತಗಡು ಬಿಚ್ಚಿ ಒಳಗೆ ಕೂರಿಸಿಯೇಬಿಟ್ಟ. ಮಾರುವ ಮುಂಚೆ ಅವನೇ ಹಾಕಿದ್ದ ಹೊಸ ಡಿಸ್ಕು ಒಳಗೆ ಮೊದಲೇ ಇತ್ತು. ಈಗ ಎರಡಾದವು. ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಊರು ಸೇರುವವರೆಗೂ ನನ್ನ ಮುಖದ ಮೇಲೆ ನಗು ಇತ್ತು.

ಆದರೆ ಆ ಕಂಪ್ಯೂಟರು ನನ್ನ ಕೈಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಎಚ್.ಡಿ. ಕೋಟೆಗೆ ಮದುವೆ ಮಾಡಿಕೊಟ್ಟಿರುವ ಮಗಳು ಹಬ್ಬಕ್ಕೆ ಬಂದವಳು ಅದಕ್ಕೊಂದು ಬಸ್ ಓಡಿಸುವ ಆಟ ಹಾಕಿ, ತಾನು ಬಳಸುತ್ತಿದ್ದ ಆಟದ ಸ್ಟೇರಿಂಗನ್ನೂ ಬಿಟ್ಟುಹೋದಳು. ನನ್ನ ಹೆಂಡತಿ ಮಂಜುಳ ಒಂದು ಮಧ್ಯಾಹ್ನ ಒಗ್ಗರಣೆ ಮುಗಿಸಿ, ಕೈ ಒರೆಸಿಕೊಂಡು ಅದರ ಮುಂದೆ ಕೂತಳು. ಕೂತವಳು ಎದ್ದಾಗ ಮಡಿಕೇರಿ ಕಡೆಯ ಘಾಟಿ ಹತ್ತಿ ಇಳಿದಿದ್ದಳು. ಮನೆಯ ಕಾರಿನ ಸ್ಟೇರಿಂಗನ್ನು ನಾನು ಯಾವತ್ತೂ ಅವಳ ಕೈಗೆ ಕೊಟ್ಟವನಲ್ಲ, ಅದರ ಕ್ಲಚ್ಚು ಸ್ವಲ್ಪ ಸೂಕ್ಷ್ಮ. ಆಟದ ಬಸ್ಸಿನಲ್ಲಿ ಅವಳ ಕೈ ನೋಡಿದ ಮೇಲೆ ಕ್ಲಚ್ಚಿನ ಮಾತು ನಾನು ಎತ್ತುವುದನ್ನು ಬಿಟ್ಟೆ.

ಈ ಆಟ ಆಡುವವರದೊಂದು ತಂಡವಿದೆ. ಒಬ್ಬೊಬ್ಬರು ತಮ್ಮ ತಮ್ಮ ಮನೆಯಲ್ಲಿ ಕೂತು, ಇಂಟರ್ನೆಟ್ಟಿನ ಮೂಲಕ ಒಂದೇ ರಸ್ತೆಯಲ್ಲಿ ಸಾಲಾಗಿ ಬಸ್ಸು ಓಡಿಸುತ್ತಾರೆ. ಸೇರಬೇಕಾದರೆ ಪರೀಕ್ಷೆ. ಘಾಟಿಯ ಇಡೀ ದಾರಿಯನ್ನು ಎಲ್ಲೂ ತಾಗಿಸದೆ ಓಡಿಸಿ, ಮೊದಲಿಂದ ಕೊನೆಯವರೆಗೆ ರೆಕಾರ್ಡ್ ಮಾಡಿ ಕಳಿಸಬೇಕು. ನಡುವೆ ಕತ್ತರಿಸುವಂತಿಲ್ಲ. ಮಂಜುಳ ಓಡಿಸಿದಳು, ಕಳಿಸಿದಳು. ವಾಪಸ್ ಬಂತು. ವಿಡಿಯೋ ಅಲ್ಲಲ್ಲಿ ನಿಂತು, ಮುಂದಕ್ಕೆ ಜಿಗಿಯುತ್ತಿತ್ತು. ತಿರುವಿಗೆ ಮುಂಚೆ ಕಾಣುತ್ತಿದ್ದ ಬಸ್ಸು ಇದ್ದಕ್ಕಿದ್ದಂತೆ ತಿರುವಿನ ಆಚೆ ಕಾಣುತ್ತಿತ್ತು. ಬಸ್ ತಾಗಿದ ಜಾಗವನ್ನು ಕತ್ತರಿಸಿ ತೆಗೆದಿದ್ದೀರಿ ಎಂದು ತಂಡದವರು ಬರೆದರು. ಎರಡನೆಯ ಸಲ ಕಳಿಸಿದ್ದಕ್ಕೂ ಅದೇ ಉತ್ತರ, ಜೊತೆಗೆ ಇನ್ನೊಂದು ಸಾಲು: ಮತ್ತೆ ಹೀಗಾದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ.

ಅವತ್ತು ಅವಳು ಊಟಕ್ಕೆ ಬಡಿಸಿದಳು. ಮುದ್ದೆ ತಟ್ಟೆಗೆ ಬಿದ್ದ ಸದ್ದಿನಲ್ಲೇ ನನಗೆ ವಿಷಯ ಗೊತ್ತಾಯಿತು. ಸಾರು ಬಿಟ್ಟ ಮೇಲೆ ಹೇಳಿದಳು: "ಒಂದ್ ಕಲ್ಗೂ ಮುಟ್ಸಿಲ್ಲ ಕಣ್ರೀ ನಾನು. ಆದ್ರೂ ಕಳ್ಳಿ ಅನ್ನಿಸ್ಕಂಡೆ."

"ಅಳ್ಬ್ಯಾಡ ಬುಡು. ನಾನ್ ನೋಡ್ತೀನಿ," ಎಂದೆ.

ಅವಳು ಅಳುತ್ತಿರಲಿಲ್ಲ. ನಾನು ನೋಡುತ್ತೇನೆ ಎಂದಾಗ ಮಾತ್ರ ಸ್ವಲ್ಪ ಮುಖ ಬಾಡಿತು.

ಇಲ್ಲಿ ನನ್ನ ಯೋಗ್ಯತೆಯ ಬಗ್ಗೆ ಒಂದು ಮಾತು ಹೇಳಬೇಕು. ಟ್ರ್ಯಾಕ್ಟರನ್ನು ನಾನು ಕಣ್ಣಿನಿಂದ ನೋಡಿ ಕೊಳ್ಳುವುದಿಲ್ಲ, ಕಿವಿಯಿಂದ ಕೊಳ್ಳುತ್ತೇನೆ. ಚುಂಚನಕಟ್ಟೆಯ ಗದ್ದೆಯ ಬದುವಿನಲ್ಲಿ ನಿಂತು, ಅತ್ತ ಕೆಸರಿನಲ್ಲಿ ಓಡುವ ಗಾಡಿಯ ಬೇರಿಂಗ್ ಹೋಗಿದೆ ಎಂದು ಇತ್ತಲಿಂದಲೇ ಹೇಳಿ ಬೆಲೆ ಇಳಿಸಿದ್ದೇನೆ. ಕೆ.ಆರ್. ನಗರದ ಕಡೆಯ ರೈತರು ನಾನು ಬರುತ್ತೇನೆಂದರೆ ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಬಣ್ಣ ತೋರಿಸಲು ನೋಡುತ್ತಾರೆ. ಅಂಥವನಿಗೆ ಮೇಜಿನ ಮೇಲೆ ಕೂತಿರುವ ಒಂದು ಡಬ್ಬ ಯಾವ ಲೆಕ್ಕ?

ಮೊದಲು ಕರೆಂಟಿನ ಮೇಲೆ ಅನುಮಾನ ಪಟ್ಟೆ. ಸುತ್ತ ಪಂಪ್‌ಸೆಟ್ಟುಗಳು ಶುರುವಾದ ಕೂಡಲೇ ನಮ್ಮ ಮನೆಯ ಫ್ಯಾನು ಯೋಚನೆಗೆ ಬೀಳುತ್ತದೆ. ಫ್ರಿಜ್ಜಿನ ಸ್ಟೆಬಿಲೈಸರ್ ಕಿತ್ತು ಕಂಪ್ಯೂಟರಿಗೆ ಹಾಕಿದೆ. ಹಾಲು ಒಡೆಯಿತು, ವಿಡಿಯೋ ಹಾಗೇ ಇತ್ತು. ಆಮೇಲೆ ಕಾವಿನ ಮೇಲೆ ಅನುಮಾನ. ಡಬ್ಬದ ಪಕ್ಕದ ತಗಡು ಬಿಚ್ಚಿ, ಶೆಡ್ಡಿನಿಂದ ಟ್ರ್ಯಾಕ್ಟರಿನ ರೇಡಿಯೇಟರ್ ಊದುವ ಗಾಳಿಯ ಪೈಪು ಎಳೆದು ತಂದು ಊದಿದೆ. ಒಳಗಿದ್ದ ಧೂಳೆಲ್ಲ ಹೊರಗೆ ಬಂದು ಪೂಜೆಯ ಸಾಮಾನಿನ ಮೇಲೆ ಕೂತಿತು. ವಿಡಿಯೋ ಮೊದಲಿನಂತೆಯೇ ಕುಂಟುತ್ತಿತ್ತು.

ರೆಕಾರ್ಡ್ ಮಾಡುವ ಸಾಫ್ಟ್‌ವೇರಿನಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಹಿಡಿಯಬೇಕು, ಎಷ್ಟು ದೊಡ್ಡದಾಗಿ ಹಿಡಿಯಬೇಕು ಎಂದು ನಾವೇ ಆರಿಸಬಹುದು. ಮೊದಲ ದಿನವೇ ಎಲ್ಲದರಲ್ಲೂ ಅತಿ ಹೆಚ್ಚಿನದನ್ನು ಆರಿಸಿದ್ದವನು ನಾನು. ಅರವತ್ತಕ್ಕೂ ಮೂವತ್ತಕ್ಕೂ ಒಂದೇ ಬೆಲೆ, ಅಂದರೆ ಏನೂ ಇಲ್ಲ ಎಂದಿರುವಾಗ ಬುದ್ಧಿ ಇರುವವನು ಮೂವತ್ತು ತೆಗೆದುಕೊಳ್ಳುತ್ತಾನೆಯೇ? ಹೆಡ್‌ಫೋನಿನ ಮೈಕನ್ನು ಆನ್ ಇಟ್ಟದ್ದೂ ನಾನೇ, ಇರುವ ಮೈಕನ್ನು ಯಾಕೆ ಸುಮ್ಮನೆ ಮಲಗಿಸಬೇಕು ಎಂದು. ಮಂಜುಳ ನನ್ನನ್ನು ಕೇಳದೆ ಅರವತ್ತನ್ನು ಮೂವತ್ತಕ್ಕೆ ಇಳಿಸಿದಳು. ಸ್ವಲ್ಪ ವಾಸಿಯಾಯಿತು. ಆದರೆ ದೊಡ್ಡ ತಿರುವುಗಳಲ್ಲಿ ಬಸ್ಸು ಈಗಲೂ ಮಾಯವಾಗಿ ಪ್ರತ್ಯಕ್ಷವಾಗುತ್ತಿತ್ತು.

ಇಷ್ಟೂ ದಿನ ಅವಳು ಓಡಿಸುವಾಗ ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಎದುರಿಗೆ ಲಾರಿ ಬರುತ್ತಿದೆ, ಎಡಕ್ಕೆ ತಗೋ, ಗೇರು ಇಳಿಸು ಎಂದು ಹೇಳಿಕೊಡುತ್ತಿದ್ದೆ. ಅನುಭವ ಇರುವವರು ಸುಮ್ಮನಿರಬಾರದು.

ಒಂದು ದಿನ ಟ್ರ್ಯಾಕ್ಟರ್ ನೋಡಲೆಂದು ನಾನು ಹಾರನಹಳ್ಳಿಗೆ ಹೋಗಿದ್ದೆ. ಬರುವ ಹೊತ್ತಿಗೆ ಮಂಜುಳ ಬಾಗಿಲಲ್ಲೇ ನಿಂತಿದ್ದಳು. ಅವತ್ತು ಮನೆಯಲ್ಲಿ ಸದ್ದೇ ಇರಲಿಲ್ಲವಂತೆ. ಅಭ್ಯಾಸಕ್ಕೆಂದು ಘಾಟಿ ಇಳಿಸುತ್ತಿದ್ದಾಗ ಡಬ್ಬದೊಳಗಿಂದ ಆಗಾಗ ಕಟಕಟ ಎಂದು ಕೇಳಿಸಿತಂತೆ. ಆಟದಲ್ಲಿ ಬಸ್ಸು ನೆಟ್ಟಗೇ ಹೋಗುತ್ತಿತ್ತು. ಆಮೇಲೆ ರೆಕಾರ್ಡ್ ಆದದ್ದನ್ನು ಹಾಕಿ ನೋಡಿದರೆ, ಕಟಕಟ ಎಂದ ತಿರುವುಗಳಲ್ಲೇ ಚಿತ್ರ ನಿಂತಿತ್ತು.

"ಬಸ್ದೂ ತಪ್ಪಲ್ಲ, ನಂದೂ ತಪ್ಪಲ್ಲ. ಬರ್ಕೊಳ್ಳೋ ಜಾಗ ಸರಿಗಿಲ್ಲ," ಎಂದಳು. "ವಿಡಿಯೋನೆಲ್ಲ ಯಾವ್ದುರಲ್ಲಿ ಇಡೋ ಅಂಗೆ ಮಾಡಿದ್ದೀರಿ?"

ಕೊಸರಿನ ಡಿಸ್ಕಿನಲ್ಲಿ. ನಾನೇ ಮಾಡಿದ್ದೆ. ಪುಕ್ಕಟೆ ಬಂದದ್ದನ್ನು ಖಾಲಿ ಬಿಟ್ಟರೆ ಬಂದಂತಾಗುವುದಿಲ್ಲ, ಕಾಸು ಕೊಟ್ಟ ಹೊಸ ಡಿಸ್ಕು ಸವೆಯುವುದೂ ತಪ್ಪುತ್ತದೆ ಎಂಬ ಲೆಕ್ಕ. ಕೆಸರಿನ ಆಚೆಯ ಬೇರಿಂಗ್ ಕೇಳಿಸುವ ನನಗೆ ಮೊಣಕೈ ಪಕ್ಕದ ಕಟಕಟ ಹೇಗೆ ಕೇಳಿಸಲಿಲ್ಲ ಎಂದು ಯೋಚಿಸಿದೆ. ಆಗ ನಾನು ಗೇರು ಇಳಿಸಲು ಹೇಳುತ್ತಿದ್ದಿರಬೇಕು.

ಆದರೂ ಅಂಗಡಿಯವನನ್ನು ಬಿಡುವುದು ಸರಿಯಲ್ಲ ಎನಿಸಿ ಫೋನ್ ಮಾಡಿದೆ. ನೀವು ಕೊಟ್ಟ ಡಿಸ್ಕಿನಿಂದ ನನ್ನ ಹೆಂಡತಿಯ ಮಾನ ಹೋಗುತ್ತಿದೆ, ಬರೆಯಲು ತಿಣುಕುತ್ತದೆ, ಬದಲಾಯಿಸಿ ಕೊಡಿ ಎಂದು ಗಟ್ಟಿಯಾಗಿಯೇ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಬಹಳ ಮರ್ಯಾದೆಯ ಮನುಷ್ಯ.

"ಸಾರ್, ಅದನ್ನ ಕೆಲ್ಸ ಮಾಡ್ಲಿ ಅಂತ ಕೊಟ್ಟಿದ್ದಲ್ಲ. ನೀವು ಕುರ್ಚಿ ಬಿಟ್ಟು ಏಳ್ಲಿ ಅಂತ ಕೊಟ್ಟಿದ್ದು," ಎಂದ.

ಹಿಂದೆ ಪಡೆದ ಕೊಸರುಗಳೆಲ್ಲ ಒಂದೊಂದಾಗಿ ನೆನಪಾದವು. ಬೈಲಕುಪ್ಪೆಯ ಹೆಂಗಸಿನ ನಗುವೂ ನೆನಪಾಯಿತು. ಫೋನ್ ಇಟ್ಟೆ.

ಡಿಸ್ಕು ಬಿಚ್ಚಿ ಬೀರುವಿನ ಮೇಲಿಟ್ಟೆವು. ರೆಕಾರ್ಡಿಂಗ್ ಹೊಸ ಡಿಸ್ಕಿಗೆ ಹೋಗುವಂತೆ ಮಂಜುಳ ಬದಲಾಯಿಸಿದಳು. ಸೆರಗು ಸಿಕ್ಕಿಸಿಕೊಂಡು ಕೊನೆಯ ಸಲಕ್ಕೆ ಕೂತಳು. ಇದು ಹೋದರೆ ಹೆಸರೇ ಹೋಯಿತು. ಇಂಥ ಹೊತ್ತಿನಲ್ಲಿ ಅವಳನ್ನು ಒಂಟಿಯಾಗಿ ಬಿಡುವುದು ಗಂಡಸಿನ ಲಕ್ಷಣವಲ್ಲ. ನಾನೂ ಸ್ಟೂಲ್ ಎಳೆದುಕೊಂಡೆ. ಘಾಟಿ ಮುಗಿಯುವವರೆಗೆ ಉಸಿರು ಬಿಡದೆ ಧೈರ್ಯ ಹೇಳಿದೆ. ಬಸ್ಸು ಎಲ್ಲೂ ತಾಗಲಿಲ್ಲ. ವಿಡಿಯೋ ಎಣ್ಣೆ ಹಾಕಿದಂತೆ ಹರಿಯಿತು. ಕಳಿಸಿದಳು.

ಮಾರನೆಯ ದಿನ ಉತ್ತರ ಬಂತು. ಮಂಜುಳ ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ಸೆರಗು ಬಾಯಿಗೆ ಹಿಡಿದು ಫೋನನ್ನು ನನ್ನ ಕೈಗೆ ಕೊಟ್ಟಳು. "ಬಸ್ಸು ಎಲ್ಲೂ ತಾಗಿಲ್ಲ, ವಿಡಿಯೋ ಎಲ್ಲೂ ತುಂಡಾಗಿಲ್ಲ. ನಮ್ಮ ಮಾತು ವಾಪಸ್ ತಗೊಂಡಿದ್ದೇವೆ ಮೇಡಂ, ನೀವು ಪಾಸ್. ಮುಂದಿನ ಟ್ರಿಪ್ಪಿಗೆ ದಯವಿಟ್ಟು ಕಂಡಕ್ಟರನ್ನು ಇಳಿಸಿ ಬನ್ನಿ," ಎಂದಿತ್ತು.

ನಾನು ವಿಡಿಯೋ ಹಾಕಿ ಕೇಳಿದೆ. ಹಳೆಯ ಡಿಸ್ಕಿನ ವಿಡಿಯೋಗಳಲ್ಲಿ ಚಿತ್ರದ ಜೊತೆ ಸದ್ದೂ ತುಂಡಾಗಿ, ನನ್ನ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಈಗ ಒಂದಕ್ಷರ ಬಿಡದೆ ಇತ್ತು. ಘಾಟಿಯ ಬುಡದಿಂದ ತುದಿಯವರೆಗೆ ನಾನಿದ್ದೆ. ಎಂಜಿನ್ ಸದ್ದು ಎಲ್ಲೋ ಹಿಂದಿತ್ತು.

ಮಂಜುಳ ಅಡುಗೆಮನೆಯಿಂದ ಕೇಳಿದಳು: "ಆ ಹಳೇ ಡಿಸ್ಕ್‌ನ ಗುಜ್ರಿಗೆ ಹಾಕ್ಬುಟ್ರಾ?"

ಇಲ್ಲ, ಬೀರುವಿನ ಮೇಲೇ ಇದೆ, ಯಾಕೆ ಎಂದೆ.

"ಇರ್ಲಿ ಬುಡಿ. ನೀವು ಮನೇಲಿರೋ ದಿನ ಬೇಕಾಯ್ತದೆ."

ಕೊಸರು ವ್ಯರ್ಥವಾಗುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ.