ಗ್ರಾಹಕರು ಮನೆಯಲ್ಲಿರಲಿಲ್ಲ

"ನಾಳೆ ಸಂಜೆ ಐದರೊಳಗೆ ಈ ಬಾಗಿಲು ತೆಗೆಸದಿದ್ದರೆ ನನ್ನ ಹೆಸರು ಬದಲಾಯಿಸಿಬಿಡು!"

ಶುಕ್ರವಾರ ಸಂಜೆ ವಾಷಿಂಗ್ ಮೆಷಿನ್ನಿನ ಎದುರು ನಿಂತು, ತೋರುಬೆರಳೆತ್ತಿ ಹೀಗೆ ಶಪಥ ಮಾಡಿದವರು ಶ್ ಸಾಹೇಬರು. ಅವರ ಹೆಂಡತಿ ಮೆಷಿನ್ನಿನ ದುಂಡು ಗಾಜಿಗೆ ಮೂಗು ತಾಗಿಸಿಕೊಂಡು ಒಳಗೆ ಇಣುಕುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು:

"ಹೆಸರು ಬದಲಾಯಿಸೋದು ಆಮೇಲಾಯ್ತು ರೀ. ಮೊದಲು ನಾನು ಬಟ್ಟೆ ಬದಲಾಯಿಸೋಕೆ ದಾರಿ ಮಾಡಿ."

ಅವಳು ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಅವಳ ನಾಲ್ಕೂ ಬಿಳಿ ಯೂನಿಫಾರಂಗಳು ಆ ಗಾಜಿನ ಹಿಂದೆ, ಒಳಗೇನೂ ಕಾಣದಷ್ಟು ದಟ್ಟ ನೊರೆಯಲ್ಲಿ ಮುಳುಗಿ ಕೂತಿದ್ದವು. ಮೆಷಿನ್ ಅರ್ಧ ಒಗೆದು ಗರಬಡಿದಂತೆ ನಿಂತಿತ್ತು. ನೀರು ಹೊರಗೆ ಹೋಗುತ್ತಿರಲಿಲ್ಲ, ಬಾಗಿಲು ತೆರೆಯುತ್ತಿರಲಿಲ್ಲ. ಬಲವಂತವಾಗಿ ತೆಗೆದರೆ ವಾರಂಟಿ ರದ್ದು ಎಂದು ಅದರ ನೆತ್ತಿಯ ಮೇಲೆಯೇ ಕೆಂಪಕ್ಷರದಲ್ಲಿ ಬರೆದಿತ್ತು.

ಶ್ ಸಾಹೇಬರು ಊರಿನ ಲೈಬ್ರರಿಯಲ್ಲಿ ಗ್ರಂಥಪಾಲರು. ಇಪ್ಪತ್ತಾರು ವರ್ಷಗಳಿಂದ ತುಟಿಯ ಮೇಲೆ ಬೆರಳಿಟ್ಟು "ಶ್!" ಎನ್ನುವುದೇ ಅವರ ಉದ್ಯೋಗವಾದ್ದರಿಂದ ಓದುಗರು ಆ ಹೆಸರಿಟ್ಟಿದ್ದರು. ಹಗಲೆಲ್ಲ ಬಾಯಿಗೆ ಬೀಗ ಹಾಕಿಕೊಂಡ ಮನುಷ್ಯ ಸಂಜೆ ಮನೆಯ ಹೊಸ್ತಿಲು ದಾಟಿದ್ದೇ ತಡ, ಒಳಗೆ ಕೂಡಿಟ್ಟಿದ್ದ ಮಾತಿನ ಅಣೆಕಟ್ಟೆ ಒಡೆದುಹೋಗುತ್ತಿತ್ತು.

ಸರಿ, ಅಣೆಕಟ್ಟೆಯನ್ನು ಕಂಪನಿಯ ಕಡೆ ತಿರುಗಿಸಿ ಫೋನು ಮಾಡಿದರು.

"ನಿಮ್ಮ ಕರೆ ನಮಗೆ ಅತ್ಯಮೂಲ್ಯ," ಎಂದಿತು ಒಂದು ರೆಕಾರ್ಡ್ ದನಿ. ಅಷ್ಟೊಂದು ಅಮೂಲ್ಯವಾದದ್ದಕ್ಕೇ ಇರಬೇಕು, ತಿಜೋರಿಯಲ್ಲಿಟ್ಟ ಒಡವೆಯಂತೆ ಅದನ್ನು ನಲವತ್ತು ನಿಮಿಷ ಯಾರೂ ಮುಟ್ಟಲಿಲ್ಲ! ಅಷ್ಟೂ ಹೊತ್ತು ಕೊಳಲು. ಅದೇ ಕೊಳಲು, ಅದೇ ಎಂಟು ಸ್ವರ, ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ. ಸೋಫಾದಲ್ಲಿ ಕೂತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೆಲ್ಲಗೆ ಕೇಳಿದರು: "ಅಳಿಯಂದ್ರೇ, ಮೆಷಿನ್ ಕೆಟ್ಟಿದ್ರೆ ನೀವ್ಯಾಕೆ ಸಂಗೀತ ಕೇಳ್ತಾ ಕೂತಿದೀರಿ?"

ಕೊನೆಗೆ ಒಬ್ಬ ಹುಡುಗಿ ಸಿಕ್ಕಳು.

"ಸರ್, ಮೆಷಿನ್‌ಗೆ ಕರೆಂಟ್ ಇದೆಯಾ?"

"ಇದೆ."

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್."

"ಹನ್ನೊಂದು ಸಲ ಮಾಡಿದೀನಿ!"

"ಹನ್ನೆರಡನೇ ಸಲ ಮಾಡಿ ಸರ್."

ಮಾಡಿದರು. ಮೆಷಿನ್ ಒಮ್ಮೆ ಬಿಕ್ಕಳಿಸಿ ಮತ್ತೆ ಮೌನವ್ರತ ಹಿಡಿಯಿತು.

"ಸರಿ ಸರ್, ದೂರು ಬರ್ಕೋತೀನಿ. ಮೆಷಿನ್ ನಂಬರ್ ಹೇಳಿ. ಬಾಗಿಲು ತೆಗೆದ್ರೆ ಒಳಗಡೆ ಒಂದು ಚೀಟಿ ಅಂಟಿಸಿರ್ತಾರೆ, ಅದರಲ್ಲಿದೆ."

"ಬಾಗಿಲು ತೆಗೆಯೋಕೆ ಬರೋ ಹಾಗಿದ್ರೆ ನಿಮಗ್ಯಾಕಮ್ಮಾ ಫೋನ್ ಮಾಡ್ತಿದ್ದೆ?"

"ನಂಬರ್ ಇಲ್ದೆ ದೂರು ತಗೊಳ್ಳೋಕಾಗಲ್ಲ ಸರ್."

ಸಾಹೇಬರ ಕಿವಿಯಿಂದ ಹೊಗೆ ಬರುವುದೊಂದು ಬಾಕಿ! ಮನೆಯ ಡ್ರಾಯರುಗಳನ್ನೆಲ್ಲ ತಲೆಕೆಳಗು ಮಾಡಿ ವಾರಂಟಿ ಕಾರ್ಡು ಹುಡುಕಿ ನಂಬರು ಕೊಟ್ಟದ್ದಾಯಿತು. "ಎರಡು ದಿನದೊಳಗೆ ನಮ್ಮ ತಂತ್ರಜ್ಞರು ಬರ್ತಾರೆ. ನಿಮ್ಮ ದಿನ ಶುಭವಾಗಿರಲಿ ಸರ್," ಎಂದಳು ಹುಡುಗಿ. ಆಗ ರಾತ್ರಿ ಎಂಟೂವರೆ. ದಿನ ಎಲ್ಲಿ ಉಳಿದಿತ್ತು, ಶುಭವಾಗಲಿಕ್ಕೆ?

ಈ ಮೆಷಿನ್ ಮಾರುವಾಗ ನೋಡಬೇಕಿತ್ತು ಅವರ ಮರ್ಯಾದೆಯನ್ನು! ಅಂಗಡಿಯಲ್ಲಿ ಮೂವರು ಓಡಿಬಂದು ಕುರ್ಚಿ ಹಾಕಿದ್ದರು. ತಂಪು ಪಾನೀಯ ಕೊಟ್ಟಿದ್ದರು. "ನೀವು ನಮ್ಮ ಕುಟುಂಬದವರು ಸರ್" ಎಂದಿದ್ದರು. ಕೊಳ್ಳುವ ತನಕ ಅಣ್ಣತಮ್ಮಂದಿರು, ಕೊಂಡ ಮೇಲೆ ನೀನ್ಯಾರೋ ನಾನ್ಯಾರೋ! ಯೋಚಿಸಿದಷ್ಟೂ ಸಾಹೇಬರಿಗೆ ಮೈ ಉರಿಯಿತು. ಎಲ್ಲ ಕಡೆಯೂ ಇದೇ ಕಥೆ. ಬ್ಯಾಂಕಿಗೆ ಹೋದರೆ ಸರ್ವರ್ ಮಲಗಿರುತ್ತದೆ. ಅಂಚೆ ಕಚೇರಿಗೆ ಹೋದರೆ ಪೆನ್ನಿಗೆ ದಾರ ಕಟ್ಟಿರುತ್ತಾರೆ, ಪೆನ್ನಿನಲ್ಲಿ ಶಾಯಿ ಇರುವುದಿಲ್ಲ. ಶಾಯಿ ಇಲ್ಲದ ಪೆನ್ನನ್ನು ಯಾವ ಕಳ್ಳ ಕದಿಯುತ್ತಾನೆಂದು ದಾರವೋ!

ಶನಿವಾರ ಸಂಜೆ ಐದು ಹೊಡೆಯಿತು. ಬಾಗಿಲು ತೆರೆಯಲಿಲ್ಲ. ಹೆಸರಿನ ವಿಚಾರವನ್ನು ಹೆಂಡತಿ ದೊಡ್ಡ ಮನಸ್ಸಿನಿಂದ ಎತ್ತಲಿಲ್ಲ. ಹೆರಿಗೆ ವಾರ್ಡಿನ ಅಕ್ಕನೊಬ್ಬಳ ಯೂನಿಫಾರಂ ಎರವಲು ತಂದು ಕೆಲಸಕ್ಕೆ ಹೋಗಿಬಂದಿದ್ದಳು. ಆ ಅಕ್ಕ ಆಳ್ತನದಲ್ಲಿ ಭಾರಿ. ಅವಳ ಯೂನಿಫಾರಮ್ಮಿನೊಳಗೆ ಸಾಹೇಬರ ಹೆಂಡತಿಯ ಜೊತೆಗೆ ಇನ್ನೊಬ್ಬ ನರ್ಸೂ ಆರಾಮಾಗಿ ಡ್ಯೂಟಿ ಮಾಡಬಹುದಿತ್ತು.

"ಇವತ್ತು ಒಬ್ಬ ರೋಗಿ ನನ್ನ ನೋಡಿ, ಸಿಸ್ಟರ್, ನೀವೇ ಮೊದಲು ಅಡ್ಮಿಟ್ ಆಗಿ ಅಂದ. ಇಷ್ಟು ಇಳಿದುಹೋಗಿದೀರಲ್ಲ ಅಂದ," ಎಂದು ಹಲ್ಲು ಕಚ್ಚಿ ಹೇಳಿದಳು. "ಬುಧವಾರ ದೊಡ್ಡ ಡಾಕ್ಟರ ತಪಾಸಣೆ ಇದೆ ರೀ. ಈ ಗುಡಾರ ಹಾಕ್ಕೊಂಡು ಸಾಲಲ್ಲಿ ನಿಂತ್ರೆ ನನ್ನ ಬಡ್ತಿ ಅಲ್ಲಿಗೆ ಮುಗೀತು."

ಭಾನುವಾರ. ಮೂವರೂ ಮನೆಯಲ್ಲೇ. ಬೆಳಗ್ಗೆ ಹನ್ನೊಂದಕ್ಕೆ ಮೂವರೂ ಒಂದೇ ಮೇಜಿನ ಸುತ್ತ ಕೂತು ಕಾಫಿ ಕುಡಿಯುತ್ತಿದ್ದಾಗ ಸಾಹೇಬರ ಫೋನು ಟಿಂಗ್ ಎಂದಿತು.

"ಪ್ರಿಯ ಗ್ರಾಹಕರೇ, ನಮ್ಮ ತಂತ್ರಜ್ಞರು ಭೇಟಿ ನೀಡಿದಾಗ ಗ್ರಾಹಕರು ಮನೆಯಲ್ಲಿರಲಿಲ್ಲ. ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಧನ್ಯವಾದಗಳು."

ಸಾಹೇಬರು ಎರಡು ಸಲ ಓದಿದರು. ಆಮೇಲೆ ತಮ್ಮ ತೋಳನ್ನು ತಾವೇ ಚಿವುಟಿ ನೋಡಿಕೊಂಡರು.

"ನಾನು ಇಲ್ಲಿದೀನಿ ತಾನೇ?"

"ಇದೀರಿ," ಎಂದಳು ಹೆಂಡತಿ.

"ಇದ್ದಾರೆ," ಎಂದು ಅತ್ತೆಯೂ ಸಾಕ್ಷಿ ನುಡಿದರು. "ಬೇಕಾದ್ರೆ ಬರೆದುಕೊಡ್ತೀನಿ."

ಸೋಮವಾರ ಲೈಬ್ರರಿಯಲ್ಲಿ, ಮಧ್ಯಾಹ್ನದ ಗಾಢ ಮೌನದಲ್ಲಿ, ಕಂಪನಿಯಿಂದಲೇ ಕರೆ ಬಂತು. ಸಾಹೇಬರು ಕಪಾಟುಗಳ ಸಂದಿಗೆ ತೂರಿ, ಕೈಯಡ್ಡ ಮಾಡಿ ಪಿಸುಗುಟ್ಟಿದರು: "ನಿಮ್ಮವರು ಬಂದೇ ಇಲ್ಲ."

"ಸರ್, ಕೇಳಿಸ್ತಿಲ್ಲ. ಸ್ವಲ್ಪ ಜೋರಾಗಿ ಮಾತಾಡಿ."

"ಬಂದೇ... ಇಲ್ಲ."

"ಗಂಟಲು ಸರಿ ಇಲ್ವಾ ಸರ್? ಬಿಸಿ ನೀರು ಕುಡೀರಿ. ಈಗ ಹೇಳಿ, ಭಾನುವಾರ ನೀವ್ಯಾಕೆ ಮನೆಯಲ್ಲಿರಲಿಲ್ಲ?"

"ನಾನು ಮನೆಯಲ್ಲೇ ಇದ್ದೇ!!!"

ಆ ಗರ್ಜನೆಗೆ ಕಪಾಟಿನ ಗಾಜು ಅದುರಿತು. ನಲವತ್ತು ತಲೆಗಳು ಒಟ್ಟಿಗೆ ಎದ್ದವು. ಪತ್ರಿಕೆ ಮುಖಕ್ಕೆ ಮುಚ್ಚಿಕೊಂಡು ದಿನವೂ ಗೊರಕೆ ಹೊಡೆದು ಸಾಹೇಬರಿಂದ ಬೈಸಿಕೊಳ್ಳುತ್ತಿದ್ದ ಮುದಿ ದರ್ಜಿಯೊಬ್ಬರಿದ್ದರು. ಅವರು ನಿಧಾನವಾಗಿ ಪತ್ರಿಕೆ ಇಳಿಸಿ, ತುಟಿಯ ಮೇಲೆ ಬೆರಳಿಟ್ಟು, ವರ್ಷಗಳ ಸೇಡನ್ನೆಲ್ಲ ಒಂದೇ ಉಸಿರಿಗೆ ತೀರಿಸಿಕೊಂಡರು:

"ಶ್!"

ಅಷ್ಟೇ. ತಂತ್ರಜ್ಞರನ್ನು ಮಂಗಳವಾರ ಮತ್ತೆ ಕಳಿಸುವುದಾಗಿ ಕಂಪನಿ ಒಪ್ಪಿತು, ಸಾಹೇಬರು ಆ ದಿನಕ್ಕೆ ರಜೆ ಬರೆದು ಹಾಕಿದರು. "ಈ ಸಲ ಗೇಟಿಂದ ಕಣ್ಣು ಕೀಳಲ್ಲ! ರೆಪ್ಪೆ ಬಡಿದ್ರೆ ಕೇಳು!" ಎಂದು ಹೆಂಡತಿಗೆ ಹೇಳಿ ವರಾಂಡದಲ್ಲಿ ಈಸಿಚೇರು ಹಾಕಿಕೊಂಡರು. ರಟ್ಟಿನ ಮೇಲೆ "ತಂತ್ರಜ್ಞರೇ, ಗ್ರಾಹಕರು ಮನೆಯಲ್ಲಿದ್ದಾರೆ!" ಎಂದು ಗಜಗಾತ್ರದ ಅಕ್ಷರದಲ್ಲಿ ಬರೆದು, ದಾರ ಕಟ್ಟಿ, ಕೊರಳಿಗೆ ನೇತುಹಾಕಿಕೊಂಡರು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ಓದಿಕೊಂಡು ಹೋದರು. ಒಬ್ಬಾಕೆಯಂತೂ "ಬಾಡಿಗೆಗಿದೆಯಾ?" ಎಂದು ಕೇಳಿದಳು, ಮನೆಯೋ ಸಾಹೇಬರೋ, ಸ್ಪಷ್ಟವಾಗಲಿಲ್ಲ.

ಒಂದಾಯಿತು, ಎರಡಾಯಿತು. ಊಟ ಮುಗಿಸಿ ಅತ್ತೆ ಒಳಗಿನ ಕೋಣೆಗೆ ಹೋಗಿ ಮಲಗಿದರು. ಯಾರೂ ಬಾರದ್ದು ಕಂಡು ಸಾಹೇಬರು ಮತ್ತೆ ಕಂಪನಿಗೆ ಫೋನು ಹಚ್ಚಿದರು. ನಿಮ್ಮ ಕರೆ ನಮಗೆ ಅತ್ಯಮೂಲ್ಯ. ಕೊಳಲು. ಎಂಟು ಸ್ವರ. ಮತ್ತೆ ಎಂಟು ಸ್ವರ. ಬಿಸಿಲು, ತಣ್ಣನೆ ಗಾಳಿ, ಕೊಳಲು...

ಟಿಂಗ್!

ನಾಲ್ಕೂವರೆ. "ಪ್ರಿಯ ಗ್ರಾಹಕರೇ, ನಮ್ಮ ತಂತ್ರಜ್ಞರು ಭೇಟಿ ನೀಡಿದಾಗ ಗ್ರಾಹಕರು ಲಭ್ಯರಿರಲಿಲ್ಲ..."

ಸಾಹೇಬರು ಈಸಿಚೇರಿನಿಂದ ಚಿಮ್ಮಿದ ರಭಸಕ್ಕೆ ಅದು ಮಡಚಿಕೊಂಡು ಬಿತ್ತು.

"ಸುಳ್ಳರು! ಹಸಿಸುಳ್ಳರು! ಅವರು ಬರದಿದ್ರೆ ಏನಂತೆ, ಮೆಷಿನ್ನೇ ಎತ್ಕೊಂಡು ಹೋಗಿ ಅವರ ಟೇಬಲ್ ಮೇಲೆ ಕೂರಿಸ್ತೀನಿ!"

ಬಚ್ಚಲುಮನೆಗೆ ನುಗ್ಗಿ, ಮೆಷಿನ್ನನ್ನು ತಬ್ಬಿ, ಉಸಿರು ಬಿಗಿಹಿಡಿದು ಎಳೆದರು. ಮೆಷಿನ್ ಅಲ್ಲಾಡಲಿಲ್ಲ. ಎರಡನೇ ಸಲ ಎಳೆದರು. ಮೆಷಿನ್ ಒಂದು ಗೇಣು ಮುಂದೆ ಬಂತು, ಅದರ ಹಿಂದಿನ ನಲ್ಲಿಯ ಪೈಪು ಬರಲಿಲ್ಲ. ಪಟ್!

ನೀರು ನೇರವಾಗಿ ಅವರ ಮುಖಕ್ಕೆ. ಅಲ್ಲಿಂದ ಛಾವಣಿಗೆ. ಅಲ್ಲಿಂದ ಎಲ್ಲ ಕಡೆಗೆ. ಸಾಹೇಬರು ಅಂಗೈಯಿಂದ ನಲ್ಲಿ ಮುಚ್ಚಲು ಹೋದಷ್ಟೂ ನೀರು ಹತ್ತು ಕವಲಾಗಿ ಚಿಮ್ಮಿತು. ಸದ್ದಿಗೆ ಎದ್ದುಬಂದ ಅತ್ತೆ ಒಂದು ಕ್ಷಣ ನೋಡಿದರು. ನೇರ ಹಿಂದಕ್ಕೆ ಹೋಗಿ ತೊಟ್ಟಿಯ ವಾಲ್ವು ತಿರುಗಿಸಿ ನೀರು ನಿಲ್ಲಿಸಿದರು. "ಅಳಿಯಂದ್ರೇ, ನೀವು ಹೋಗಿಬನ್ನಿ," ಎಂದರು. "ನೀವು ಹೊರಗಿದ್ದಷ್ಟೂ ಮನೆಗೆ ಕ್ಷೇಮ."

ಸರ್ವೀಸ್ ಸೆಂಟರ್ ಆರಕ್ಕೆ ಮುಚ್ಚುತ್ತದೆ. ಬಟ್ಟೆ ಬದಲಾಯಿಸಲು ಪುರುಸೊತ್ತೆಲ್ಲಿ? ತೊಟ್ಟಿಕ್ಕುವ ಪ್ಯಾಂಟಿನಲ್ಲೇ ಸ್ಕೂಟರು ಏರಿದರು.

ಅಲ್ಲಿ ಆಗಲೇ ಹನ್ನೆರಡು ಜನ ಟೋಕನ್ ಹಿಡಿದು ಕೂತಿದ್ದರು. ಒಬ್ಬ ಅಜ್ಜಿಯ ಮಡಿಲಲ್ಲಿ ಮಿಕ್ಸಿ, ಒಬ್ಬ ಗಡ್ಡದವನ ತೋಳಲ್ಲಿ ಕೂಸಿನಂತೆ ಒಂದು ಟೇಬಲ್ ಫ್ಯಾನು. ಸಾಹೇಬರು ನಡುಮಧ್ಯೆ ನಿಂತು, ನೀರು ತೊಟ್ಟಿಕ್ಕಿಸುತ್ತ, ಗುಡುಗಿದರು.

"ಬಂಧುಗಳೇ! ಎಷ್ಟು ದಿನ ಹೀಗೆ ಕೂತಿರ್ತೀರಿ? ನಾವು ಮನೆಯಲ್ಲಿದ್ರೂ ಇಲ್ಲ ಅಂತಾರೆ! ನಾಳೆ ನಾವು ಬದುಕಿದ್ರೂ ಸತ್ತಿದೀವಿ ಅಂತಾರೆ! ಕೇಳೋರು ಬೇಡ್ವಾ?"

"ಬೇಕು!" ಎಂದ ಫ್ಯಾನಿನವನು.

"ನನ್ನ ಮಿಕ್ಸಿ ಕೊಟ್ಟು ಎರಡು ತಿಂಗಳಾಯ್ತಪ್ಪಾ," ಎಂದರು ಅಜ್ಜಿ. "ಬೇರೆ ಯಾರದ್ದೋ ಕೊಟ್ಟು ಕಳಿಸಿದಾರೆ!"

ಚಪ್ಪಾಳೆ! ಮ್ಯಾನೇಜರು ಒಳಗಿನಿಂದ ಓಡಿಬಂದರು. ಕೊರಳಲ್ಲಿ ಟೈ, ಹಣೆಯಲ್ಲಿ ಬೆವರು.

"ಸರ್, ದಯವಿಟ್ಟು ಕೂತ್ಕೊಳ್ಳಿ."

"ಕೂರಲ್ಲ! ಬೆಳಗ್ಗೆಯಿಂದ ಕೂತೇ ಇದ್ದೆ! ಭಾನುವಾರ ಯಾರು ಬಂದಿದ್ರು, ಹೇಳಿ!"

ಮ್ಯಾನೇಜರು ಕಂಪ್ಯೂಟರ್ ಕುಟ್ಟಿ, ತಲೆ ಕೆರೆದುಕೊಂಡರು. "ಭಾನುವಾರ ನಮ್ಮವರು ಯಾರೂ ಬರಲ್ಲ ಸರ್. ಆ ಮೆಸೇಜು... ಎರಡನೇ ದಿನಕ್ಕೂ ಯಾರೂ ಹೋಗದಿದ್ರೆ ಕಂಪ್ಯೂಟರೇ ತಾನಾಗಿ ಕಳಿಸಿಬಿಡುತ್ತೆ."

"ಕೇಳಿದ್ರಾ!" ಸಾಹೇಬರು ಜನರ ಕಡೆ ತಿರುಗಿದರು. ಜನ ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಗಡ್ಡದವನು ಫ್ಯಾನನ್ನು ಗದೆಯಂತೆ ಹೆಗಲಿಗೇರಿಸಿದ.

"ಇವತ್ತಿನ ಸುಳ್ಳು ಯಾರದ್ದು? ಅದೂ ಕಂಪ್ಯೂಟರ್‌ದೇನಾ?"

"ಇಲ್ಲ ಸರ್, ಇವತ್ತು ನಮ್ಮ ಟೆಕ್ನಿಷಿಯನ್ ನಿಜವಾಗ್ಲೂ ಬಂದಿದ್ರು. ಫೋಟೋ ಕಳಿಸಿದಾರೆ."

"ಫೋಟೋನಾ! ತೋರಿಸಿ! ಈ ಸಣ್ಣ ಪರದೆಯಲ್ಲಲ್ಲ, ಅಗೋ ಗೋಡೆ ಮೇಲಿನ ಆ ದೊಡ್ಡ ಟೀವಿಯಲ್ಲಿ ತೋರಿಸಿ! ಹನ್ನೆರಡು ಜನಾನೂ ನೋಡ್ಲಿ ನಿಮ್ಮ ಬಂಡವಾಳ!"

"ಬೇಡ ಸರ್," ಎಂದರು ಮ್ಯಾನೇಜರು. ಪಾಪ, ನಿಜಕ್ಕೂ ಕಳಕಳಿಯಿಂದಲೇ ಹೇಳಿದರು.

"ತೋರಿಸಿ!" ಎಂದು ಹನ್ನೆರಡು ಕಂಠ ಕೂಗಿದವು.

ತೋರಿಸಿದರು. ಗೋಡೆಯಗಲದ ಟೀವಿಯಲ್ಲಿ ಸಾಹೇಬರ ವರಾಂಡ ಮೂಡಿತು. ಈಸಿಚೇರಿನಲ್ಲಿ ಸಾಹೇಬರು ಕೈಕಾಲು ಚೆಲ್ಲಿ ಮಲಗಿದ್ದರು. ಬಾಯಿ ಗುಹೆಯಂತೆ ತೆರೆದಿತ್ತು. ಕಿವಿಗೆ ಫೋನು ಒತ್ತಿಕೊಂಡೇ ಇತ್ತು. ಎದೆಯ ಮೇಲೆ ರಟ್ಟು: "ತಂತ್ರಜ್ಞರೇ, ಗ್ರಾಹಕರು ಮನೆಯಲ್ಲಿದ್ದಾರೆ!"

ಗವ್ವೆನ್ನುವ ಮೌನ. ಲೈಬ್ರರಿಯಲ್ಲೂ ಸಾಹೇಬರು ಅಂಥ ಮೌನ ಕಂಡಿರಲಿಲ್ಲ.

"ಪಾಪ, ಎಷ್ಟು ಸೊಗಸಾಗಿ ನಿದ್ದೆ ಮಾಡ್ತಿದ್ದಾರೆ," ಎಂದರು ಅಜ್ಜಿ. ಅಷ್ಟು ಸಾಕಾಯಿತು. ಸೆಂಟರಿಗೆ ಸೆಂಟರೇ ಹೊಟ್ಟೆ ಹಿಡಿದು ನಗತೊಡಗಿತು. ಫ್ಯಾನಿನವನು ನಗುತ್ತ ನಗುತ್ತ ಫ್ಯಾನು ಕೆಡವಿಬಿಟ್ಟ.

ಮೂಲೆಯಲ್ಲಿದ್ದ ದಪ್ಪ ಮೀಸೆಯ ಟೆಕ್ನಿಷಿಯನ್ ಮುಂದೆ ಬಂದು ಸಂಕೋಚದಿಂದ ಹೇಳಿದ: "ಗೇಟಿಗೆ ಒಳಗಿಂದ ಚಿಲಕ ಹಾಕಿತ್ತು ಸಾರ್. ಏಳೆಂಟು ಸಲ ಕೂಗಿದೆ. ಫೋನ್ ಮಾಡಿದ್ರೆ ಬಿಜಿ ಬರ್ತಿತ್ತು. ನೀವು ನಮ್ಮ ಕಸ್ಟಮರ್ ಕೇರ್ ಲೈನಲ್ಲೇ ಇದ್ರಂತೆ."

ಸಾಹೇಬರ ಸಿಟ್ಟು ಇಳಿದಿರಲಿಲ್ಲ. ಆದರೆ ಅದನ್ನು ಯಾರ ಮೇಲೆ ಇಳಿಸಬೇಕೆಂದು ಅವರಿಗೆ ತೋಚಲಿಲ್ಲ. "ಆ ಕೊಳಲು... ಆ ಕೊಳಲು ನಿಮ್ಮ ಕಂಪನಿದೇ ಅಲ್ವಾ?" ಎಂದು ಕ್ಷೀಣವಾಗಿ ವಾದಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಟೆಕ್ನಿಷಿಯನ್ ಒಳ್ಳೆಯವನು. ತನ್ನ ಬೈಕಿನಲ್ಲಿ ಅವರ ಹಿಂದೆಯೇ ಮನೆಗೆ ಬಂದ. ಮೆಷಿನ್ನಿನ ಬುಡದಲ್ಲಿದ್ದ ಪುಟ್ಟ ಮುಚ್ಚಳ ತಿರುಗಿಸಿ, ನೀರನ್ನು ಬಕೀಟಿಗೆ ಬಸಿದು, ಒಳಗೆ ಬೆರಳು ತೂರಿಸಿ ಏನನ್ನೋ ಹೊರತೆಗೆದ. ಬಾಗಿಲು ಟಕ್ ಎಂದು ತೆರೆದುಕೊಂಡಿತು. ಐದು ದಿನದ ಕೆಲಸ ಐದೇ ನಿಮಿಷ!

"ಇದು ಪಂಪಿಗೆ ಸಿಕ್ಕಿಹಾಕ್ಕೊಂಡಿತ್ತು ಮೇಡಂ," ಎಂದು ಆಗಷ್ಟೇ ಡ್ಯೂಟಿ ಮುಗಿಸಿ ಬಂದ ಹೆಂಡತಿಯ ಅಂಗೈಗೆ ಹಾಕಿದ.

ಅದೊಂದು ಬಾಟಲಿಯ ಮುಚ್ಚಳ. ಲೈಬ್ರರಿ ಪುಸ್ತಕಗಳಿಗೆ ಮುದ್ರೆ ಒತ್ತುವ ಶಾಯಿಯದ್ದು. ಅದರ ಹಿಂದೆಯೇ ಮೆಷಿನ್ನಿನೊಳಗಿಂದ ಸಾಹೇಬರ ಅಂಗಿ ಬಂತು, ಅಂಗಿಯ ಜೇಬಿನಿಂದ ಖಾಲಿ ಶಾಯಿ ಬಾಟಲಿ ಬಂತು. ಬಿಳಿ ಬಟ್ಟೆ ಜೊತೆ ಬೇರೇನೂ ಹಾಕಬೇಡಿ ಎಂದು ಹೆಂಡತಿ ಹೇಳಿದ್ದರೂ, ಅವಳು ಆಚೆ ತಿರುಗಿದಾಗ ಸಾಹೇಬರೇ ಒಳಗೆ ತುರುಕಿದ್ದ ಅಂಗಿ ಅದು. ಕೊನೆಗೆ ಯೂನಿಫಾರಂಗಳು ಬಂದವು, ಒಂದಾದ ಮೇಲೊಂದು. ನಾಲ್ಕೂ ಸೊಗಸಾದ ನೇರಳೆ ಬಣ್ಣ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ.

ಟೆಕ್ನಿಷಿಯನ್ ಗಾಳಿ ಬೀಸುವ ದಿಕ್ಕು ತಿಳಿದವನು. ಚೀಲ ಹೆಗಲಿಗೇರಿಸಿ ಜಾಗ ಖಾಲಿ ಮಾಡಿದ. ಸಾಹೇಬರು ಗೋಡೆಗೆ ಅಂಟಿಕೊಂಡರು. ಹೆಂಡತಿ ಬಾಯಿ ತೆರೆದಳು. ಅಷ್ಟರಲ್ಲಿ ಫೋನು ರಿಂಗಾಯಿತು. ಅವಳೇ ಎತ್ತಿಕೊಂಡಳು.

"ಹೌದಮ್ಮಾ, ರಿಪೇರಿ ಆಯ್ತು... ನಿಮ್ಮ ಟೆಕ್ನಿಷಿಯನ್‌ಗೆ ಐದಕ್ಕೆ ಐದು ಕೊಡ್ತೀನಿ... ಬೇರೆ ದೂರಾ? ಇದೆಯಮ್ಮಾ. ಮನೆಯಲ್ಲಿ ಇನ್ನೊಂದಿದೆ, ತುಂಬಾ ಹಳೇದು. ಇಪ್ಪತ್ತೆರಡು ವರ್ಷ ಆಯ್ತು. ಸದ್ದು ವಿಪರೀತ, ಕೆಲಸ ಕಡಿಮೆ. ಬೇಗ ಬಿಸಿಯಾಗುತ್ತೆ, ಮಧ್ಯೆ ಮಧ್ಯೆ ತಾನಾಗೇ ಆಫ್ ಆಗಿ ಗೊರಕೆ ಹೊಡೆಯುತ್ತೆ. ಕೈ ಹಾಕಿದ ಕಡೆಯೆಲ್ಲ ನೀರು ಸೋರಿಸುತ್ತೆ... ಹ್ಞೂಂ... ಹೌದಾ?"

ಬಹಳ ಹೊತ್ತು ಆಲಿಸಿ, ಫೋನಿಗೆ ಕೈಯಡ್ಡ ಹಿಡಿದು, ಗಂಡನ ಕಡೆ ತಿರುಗಿದಳು.

"ರೀ, ಅಷ್ಟು ಹಳೇದಕ್ಕೆ ಬಿಡಿಭಾಗ ಸಿಗಲ್ವಂತೆ. ವಾಪಸ್ಸೂ ತಗೊಳ್ಳಲ್ವಂತೆ. ಹೇಗೋ ಸಹಿಸ್ಕೊಂಡು ನೀವೇ ಇಟ್ಕೊಳ್ಳಿ ಮೇಡಂ ಅಂತಿದಾಳೆ!"