ನಡುಬೋಗಿಯ ತಾಳ

ನಾನು ಹುಟ್ಟಾ ಪುಕ್ಕಲ. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ, ಮದುವೆಯಾದ ವಾರದಲ್ಲೇ ಹೆಂಡತಿಗೆ ಗೊತ್ತಾಗಿಹೋಗಿದೆ. ಹಲ್ಲಿ, ಲಿಫ್ಟು, ಮೇಲಧಿಕಾರಿ, ಎಲ್ಲಕ್ಕೂ ಹೆದರುತ್ತೇನೆ. ಆದರೆ ಅಂಗೈಯಗಲದ ಎರಡು ಹಿತ್ತಾಳೆ ತಾಳಗಳಿಗೆ ಹೆದರಿ ಬೆವರುವವನು ಡೊಂಬಿವಲಿಯಲ್ಲಿ ನಾನೊಬ್ಬನೇ ಇರಬೇಕು.

ತಪ್ಪು ನನ್ನದೇ. ಬೆಳಗಿನ ಲೋಕಲ್ ರೈಲಿನಲ್ಲಿ ನಮ್ಮ ಕನ್ನಡದವರ ಭಜನಾ ಮಂಡಳಿಯೊಂದಿದೆ. ಡೊಂಬಿವಲಿಗಿಂತ ಹಿಂದಿನ ಶಹಾಡ್‌ ನಿಲ್ದಾಣದಲ್ಲೇ ಹತ್ತಿ ಬರುವ ಹಣಮಂತಪ್ಪ ಅದರ ಯಜಮಾನರು; ಊರು ವಿಜಯಪುರದ ಕಡೆ, ಠಾಣೆ ಪಟ್ಟಣದ ಗೋದಾಮಿನಲ್ಲಿ ಹಮಾಲಿ ಕೆಲಸ. ಡೊಂಬಿವಲಿಯ ನೂಕುನುಗ್ಗಲಿನಲ್ಲಿ ಅವರು ಕೈ ಚಾಚಿ ಒಳಗೆಳೆದುಕೊಳ್ಳದಿದ್ದರೆ ನಾನು ಠಾಣೆಯ ಆಫೀಸು ಕಂಡ ಹಾಗೇ! ಆ ಕೃತಜ್ಞತೆಯಲ್ಲಿ ಒಮ್ಮೆ, "ಮೈಸೂರಿನವನು, ಸ್ವಲ್ಪ ಸಂಗೀತ ಗೊತ್ತು" ಎಂದುಬಿಟ್ಟೆ. ತಕ್ಷಣ ತಾಳ ಕೈಗೆ ಬಂತು. ಮಂಡಳಿಯ ಅರ್ಧ ಜನ ಈ ಬಾಗಿಲ ಬಳಿ, ಅರ್ಧ ಆ ಬಾಗಿಲ ಬಳಿ, ನಡುವೆ ನಾನು. "ಎಲ್ಲಾರೂ ಸರ್ ಕೈ ನೋಡ್ರಿ, ಬ್ಯಾರೆ ಕಡಿ ಕಿವಿ ಕೊಡಬ್ಯಾಡ್ರಿ" ಎಂದು ಯಜಮಾನರ ಅಪ್ಪಣೆಯಾಯಿತು. ಅಷ್ಟೂ ಕಣ್ಣುಗಳು ನನ್ನ ಕೈಮೇಲೆ! ಎದೆ ಒಂದು ಲಯದಲ್ಲಿ ಬಡಿದರೆ ಕೈ ಇನ್ನೊಂದರಲ್ಲಿ. ನಾನು ತಪ್ಪಿದರೆ ಇಡೀ ಬೋಗಿ ತಪ್ಪುತ್ತಿತ್ತು. ಮುಂದಿನ ನಿಲ್ದಾಣ ಕೋಪರ್ ದಾಟುವಷ್ಟರಲ್ಲಿ ಆ ಬಾಗಿಲಿನವರ ಹಾಡಿನಲ್ಲಿ ವಿಠಲ ಇಟ್ಟಿಗೆಯ ಮೇಲೆ ನಿಂತಾಗಿತ್ತು. ಈ ಬಾಗಿಲಲ್ಲಿ ಅವನಿನ್ನೂ ಪಂಢರಪುರಕ್ಕೆ ಹೊರಟಿರಲಿಲ್ಲ. ಹಣಮಂತಪ್ಪ ಬೈಯಲಿಲ್ಲ, ತಾಳಗಳನ್ನು ತೆಗೆದು ಚೀಲಕ್ಕೆ ಹಾಕಿಕೊಂಡರು. ನಾಳೆ ಒಳಗೆಳೆದುಕೊಳ್ಳುವ ಆ ಕೈ ನನಗಾಗಿ ಹೊರಗೆ ಬಾರದಿದ್ದರೆ?

ಮರುದಿನವೂ ಕೈ ಬಂತು, ತಾಳವೂ ಬಂತು. ಹೆದರಿಕೆಯಲ್ಲೇ ಒಂದು ಉಪಾಯ ಹೊಳೆಯಿತು. ಗದ್ದಲದಲ್ಲಿ ಕೈ ಸಿಕ್ಕಿಕೊಂಡವನಂತೆ ನಟಿಸಿ, ತಾಳವನ್ನು ಎದೆಗವಚಿಕೊಂಡು, ಕಣ್ಣುಮುಚ್ಚಿ ಭಕ್ತಿಯಿಂದ ನಿಂತೆ. ನೋಡಲು ನನ್ನ ಕೈಯಿಲ್ಲದೆ ಪ್ರತಿಯೊಬ್ಬನೂ ಪಕ್ಕದವನಿಗೆ ಕಿವಿಗೊಟ್ಟ. ನಡುವೆ ನಿಂತಿದ್ದ ಮರಾಠಿಯವರೂ ಟಿಫಿನ್ ಡಬ್ಬಿ ತಟ್ಟತೊಡಗಿದರು. ಒಬ್ಬರಿಂದೊಬ್ಬರಿಗೆ ದಾಟುತ್ತ ದಾಟುತ್ತ ಮುಂಬ್ರಾ ಬರುವಷ್ಟರಲ್ಲಿ ಎರಡೂ ಬಾಗಿಲಿಗೆ ಒಂದೇ ತಾಳ! ಎಲ್ಲರನ್ನೂ ಒಬ್ಬನ ಕೊರಳಿಗೆ ಕಟ್ಟುವುದಕ್ಕಿಂತ ಅಕ್ಕಪಕ್ಕದವರನ್ನು ಹೆಣೆಯುವುದೇ ಗಟ್ಟಿ ಎಂದು ಅಂದು ತಿಳಿಯಿತು, ಅದರಲ್ಲೂ ಆ ಒಬ್ಬ ನಾನಾಗಿದ್ದರೆ.

ಠಾಣೆಯಲ್ಲಿ ಇಳಿಯುತ್ತಿದ್ದಂತೆ ಹಣಮಂತಪ್ಪ ಭುಜ ಹಿಡಿದರು.

"ಸರ್ರ, ಇವತ್ತ ತಾಳ ಭಾಳ ಚಲೋ ಆತ್ರಿ. ನಾಳಿನೂ ನಿಮ್ಮನ್ನ ಎಳಕೊಳ್ಳಾಕ ಬಾಗಲದಾಗ ನಿಂತಿರ್ತೀನಿ. ಆದ್ರ ನೀವು ತಾಳಾನ ಹಿಂಗ ಎದಿಗೇ ಹಿಡಕೊಂಡಿರ್ರಿ."

ಜಾಗ ಉಳಿಯಿತು, ಮಾನದ ಮಾತು ಬೇರೆ. ಅಂದಿನಿಂದ ದಿನವೂ ತಾಳಗಳನ್ನು ಎದೆಗವಚಿಕೊಂಡೇ ನಿಲ್ಲುತ್ತೇನೆ. ಈಗ ಉಳಿದಿರುವುದು ಒಂದೇ ಹೆದರಿಕೆ: ಬೋಗಿ ಅಲುಗಿದಾಗ ಅವು ಎಲ್ಲಿ ತಾವಾಗಿಯೇ ತಾಗಿಬಿಡುತ್ತವೋ ಎಂದು.